ಲೆಕ್ಕಕ್ಕೆ ಬಂದವರು, ಬಾರದವರು

ಇಂದಿನ ವಿಶ್ವವಿದ್ಯಾನಿಲಯಗಳಲ್ಲಿ ಓದಲಾಗದ ವಿಷಯವೇ ಇಲ್ಲ. ನಾವು ಬಿ.ಎಸ್‌ಸಿ. ಓದುವ ಕಾಲಕ್ಕೆ ನಮ್ಮ ತಾಲ್ಲೂಕಿನ ಕಾಲೇಜಿನಲ್ಲಿ ಇದ್ದದ್ದು ಎರಡೇ ದಾರಿ. ಲೆಕ್ಕಕ್ಕೆ ಹೆದರದವರಿಗೆ ಪಿ.ಸಿ.ಎಂ., ಕಪ್ಪೆಗೆ ಹೆದರದವರಿಗೆ ಸಿ.ಬಿ.ಝಡ್. ಎರಡಕ್ಕೂ ಹೆದರುವವರು ಬಿ.ಎ.ಗೆ ಹೋಗುತ್ತಿದ್ದರು. ಮೂರು ದಾರಿಯವರೂ ಕೊನೆಗೆ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷಾ ಕೊಠಡಿಯಲ್ಲಿ ಒಟ್ಟಿಗೆ ಕೂಡುತ್ತಿದ್ದರೆಂಬುದು ಬೇರೆ ಮಾತು. ಈಗ ಹಾಗಲ್ಲ. ಮಳೆಯನ್ನು ಓದುವಂತೆ, ಮಾರುಕಟ್ಟೆಯನ್ನು ಓದುವಂತೆ, ಭಯೋತ್ಪಾದನೆಯನ್ನೂ ಓದಬಹುದು. ಅಂಕಿ-ಅಂಶ ಕೂಡಿಸಿ, ಕೋಷ್ಟಕ ಹಾಕಿ, ಪ್ರಬಂಧ ಬರೆದು ಪದವಿ ಪಡೆಯಬಹುದು.

ಈ ಸಂಗತಿ ನಮಗೆ ತಿಳಿದದ್ದು ಪುಸ್ತಕದಿಂದಲ್ಲ, ಹಾಸನದಿಂದ ಬಂದ ಫೋನಿನಿಂದ. ನಮ್ಮ ಅಣ್ಣನ ಮಗಳು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದಾಳೆ. ಅಲ್ಲಿಗೆ ಸೇರಿಸಲು ಒತ್ತಾಯ ಮಾಡಿದವರು ನಾವೇ. ಆ ವಿಶ್ವವಿದ್ಯಾನಿಲಯದ ಮೊದಲ ಕುಲಾಧಿಪತಿಗಳು ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು, ಆದ್ದರಿಂದ ಅದು ಅರ್ಧ ನಮ್ಮದೇ ಎಂದು ಅಣ್ಣನನ್ನು ಒಪ್ಪಿಸಿದ್ದೆವು. ಈಗ ಅಣ್ಣ ಕೆಂಡವಾಗಿದ್ದ.

“ಕಾಶಿಗೆ ಕಳಿಸು ಅಂತ ಹೇಳಿದೋನು ನೀನು. ಅವಳು ಏನು ಹಿಡ್ಕೊಂಡು ಕೂತಿದಾಳೆ ಗೊತ್ತಾ? ಬಾಂಬು! ಎಲ್ಲೆಲ್ಲಿ ಬಾಂಬು ಬಿತ್ತು, ಎಷ್ಟು ಜನ ಸತ್ತರು ಅಂತ ಪಟ್ಟಿ ಮಾಡ್ತಾಳಂತೆ. ನಾಳೆ ಪೊಲೀಸಿನೋರು ಬಂದು ಯಾಕಮ್ಮಾ ಇದೆಲ್ಲ ನಿನಗೆ ಅಂದ್ರೆ ಯಾರು ಉತ್ತರ ಹೇಳೋರು? ಗಂಡಿನ ಕಡೆಯೋರು ಕೇಳಿದ್ರೆ ನಾನೇನು ಹೇಳ್ಲಿ? ನೀನು ಸ್ವಲ್ಪ ಬುದ್ಧಿ ಹೇಳು.”

ಬುದ್ಧಿ ಹೇಳುವ ಮೊದಲು ವಿಷಯ ತಿಳಿಯಬೇಕಲ್ಲ? ಕಡತ ಓದದೆ ಷರಾ ಬರೆಯುವ ಅಭ್ಯಾಸ ನಮಗಿಲ್ಲ. ಕಳೆದ ಚಳಿಗಾಲದಲ್ಲಿ ಎಂಟು ದಿನ ರಜೆ ಹಾಕಿ ಕಾಶಿಗೆ ಹೊರಟೆವು.

ಕಾಶಿಯೆಂದರೆ ನಮ್ಮವರಿಗೆ ಘಾಟು, ಗಂಗೆ, ಹನುಮಾನ್ ಘಾಟಿನ ಬಳಿಯ ದಕ್ಷಿಣದವರ ಕೇರಿ, ಜಂಗಮವಾಡಿ ಮಠ. ಬೆಂಗಳೂರಿನಿಂದ ಸಂಘಮಿತ್ರಾ ರೈಲು ಹತ್ತಿದವರು ಮೊಗಲ್‌ಸರಾಯಿಯಲ್ಲಿ ಇಳಿದು, 2018ರಿಂದ ಆ ನಿಲ್ದಾಣಕ್ಕೆ ದೀನದಯಾಳ್ ಉಪಾಧ್ಯಾಯರ ಹೆಸರು, ನೇರ ಗಂಗೆಯ ದಡಕ್ಕೇ ಹೋಗುತ್ತಾರೆ. ನಮ್ಮ ಕಾಶಿ ಬೇರೆ. ಅದು ಕಂಟೋನ್ಮೆಂಟು. ಊರಿನವರ ಬಾಯಲ್ಲಿ ‘ಕ್ಯಾಂಟ್’. ನೌಕರಿಗೆ ಸೇರಿದ ಹೊಸದರಲ್ಲಿ, 2005ರಿಂದ ನಾಲ್ಕು ವರ್ಷ, ಅಲ್ಲಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಗಿರಿ ಮಾಡಿದೆವು. ಬ್ರಿಟಿಷರ ಕಾಲದ ಅಗಲ ರಸ್ತೆ, ಬೇವಿನ ಮರ, ಹಳೆಯ ಬಂಗಲೆ, ಹಳೆಯ ಇಗರ್ಜಿ, ಗೂರ್ಖಾ ತರಬೇತಿ ಕೇಂದ್ರದ ಬೆಳಗಿನ ಕಹಳೆ. ಆಚೆ ಮಗ್ಗುಲಿಗೆ ವರುಣಾ ನದಿ, ಈಚೆ ಮಗ್ಗುಲಿಗೆ ನೆತ್ತಿಯ ಮೇಲೆ ಚಕ್ರ ಹೊತ್ತು ಗುಡಿಯಂತೆ ನಿಂತ ದೊಡ್ಡ ರೈಲು ನಿಲ್ದಾಣ. ಪುಣ್ಯ ಅರಸಿ ಬಂದವರು ಅಲ್ಲಿ ಇಳಿಯುತ್ತಾರೆಯೇ ಹೊರತು ನಿಲ್ಲುವುದಿಲ್ಲ. ನಿಲ್ಲುವವರು ಸಿಪಾಯಿಗಳು, ಕೂಲಿಗಳು ಮತ್ತು ನಮ್ಮಂಥ ಗುಮಾಸ್ತೆಗಳು.

ಆ ನಿಲ್ದಾಣವೇ ನಮ್ಮ ಹುಡುಗಿಯ ಕೋಷ್ಟಕದಲ್ಲಿ ಒಂದು ಸಾಲು.

2006ರ ಮಾರ್ಚ್ 7, ಮಂಗಳವಾರ. ಮಂಗಳವಾರ ಸಂಕಟಮೋಚನ ಹನುಮಂತನ ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಂಜೆ ಆರೂಕಾಲರ ಹೊತ್ತಿಗೆ ಗುಡಿಯ ಆವರಣದಲ್ಲಿ ಒಂದು ಬಾಂಬು ಸಿಡಿಯಿತು. ಸುಮಾರು ಕಾಲು ಗಂಟೆಯ ಮೇಲೆ ಕಂಟೋನ್ಮೆಂಟ್ ನಿಲ್ದಾಣದಲ್ಲಿ, ಮೊದಲ ದರ್ಜೆಯವರ ವಿಶ್ರಾಂತಿ ಕೊಠಡಿಯ ಹೊರಗೆ, ಇನ್ನೊಂದು. ಅದೇ ದಿನ ದಶಾಶ್ವಮೇಧದ ಪೊಲೀಸ್ ಠಾಣೆಯ ಬಳಿ ಸಿಡಿಯದ ಕುಕ್ಕರ್ ಬಾಂಬು ಸಿಕ್ಕಿತು. ಕುಕ್ಕರು! ನಮ್ಮ ಮನೆಯ ಒಲೆಯ ಮೇಲಿನ ಪಾತ್ರೆ ಆ ದಿನದಿಂದ ನಮಗೆ ಬೇರೆಯಾಗಿಯೇ ಕಂಡಿತು. ಆದರೆ ಆ ರಾತ್ರಿ ಊರು ಹೊತ್ತಿ ಉರಿಯಲಿಲ್ಲವೆಂಬುದನ್ನೂ ಹೇಳಬೇಕು. ಸಂಕಟಮೋಚನದ ಮಹಂತರಾಗಿದ್ದ ವೀರಭದ್ರ ಮಿಶ್ರರು ಅದೇ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಜಲ ಇಂಜಿನಿಯರಿಂಗಿನ ಪ್ರಾಧ್ಯಾಪಕರಾಗಿದ್ದವರು. ಗಂಗೆಯ ನೀರನ್ನು ಅಳೆದು ಕೊಳೆಯ ಲೆಕ್ಕ ಇಟ್ಟವರು. ಅವರು ಗುಡಿಯ ಆರತಿ ನಿಲ್ಲಿಸಲಿಲ್ಲ, ಜನರಿಗೆ ಶಾಂತಿ ಹೇಳಿದರು. 2013ರಲ್ಲಿ ಅವರು ತೀರಿಕೊಂಡಾಗ ಆ ಸಂಜೆಯನ್ನು ನೆನೆಯದವರು ಊರಿನಲ್ಲಿ ಕಡಮೆ.

ಮರುದಿನ ಬೆಳಿಗ್ಗೆ ಮೇಲಿನ ಕಚೇರಿಯಿಂದ ತುರ್ತು ಪತ್ರ: ನಿಮ್ಮ ಸಿಬ್ಬಂದಿಯಲ್ಲಿ ಯಾರಿಗಾದರೂ ಪ್ರಾಣಹಾನಿ, ಗಾಯ ಆಗಿದೆಯೇ, ಕೂಡಲೇ ತಿಳಿಸತಕ್ಕದ್ದು. ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರನ್ನೂ ಕೂಗಿ ನೋಡಿದೆವು. ಎಲ್ಲರೂ ಇದ್ದರು. ‘ನಿಲ್’ ಎಂದು ಟೈಪು ಮಾಡಿ, ಸಾಹೇಬರ ರುಜು ಹಾಕಿಸಿ ಕಳಿಸಿದೆವು. ವರದಿ ಅಕ್ಷರಶಃ ಸತ್ಯ. ಆದರೆ ಅಂದು ಹನ್ನೊಂದು ಗಂಟೆಗೆ ಚಹಾ ಬರಲಿಲ್ಲ. ಬೆಳಿಗ್ಗೆ ನಮ್ಮ ಕಚೇರಿಗೆ ಕುಲ್ಹಡ್‌ಗಳಲ್ಲಿ ಚಹಾ ತಂದುಕೊಟ್ಟು ಸಂಜೆ ನಿಲ್ದಾಣದಲ್ಲಿ ಮಾರುತ್ತಿದ್ದ ಹದಿನಾರು ವರ್ಷದ ಹುಡುಗ ಹಾಜರಿ ಪುಸ್ತಕದಲ್ಲಿ ಇದ್ದವನಲ್ಲ. ಅವನು ಗಾಜೀಪುರದ ಕಡೆಯವನು. ಮಾಂಸಖಂಡದಲ್ಲಿ ಚೂರು ಹೊಕ್ಕ ತೋಳಿಗೆ ಟವೆಲು ಸುತ್ತಿಕೊಂಡು, ಆಸ್ಪತ್ರೆಗೆ ಹೋದರೆ ಪೊಲೀಸರು ಕೇಳುತ್ತಾರೆಂದು ಹೆದರಿ, ರಾತ್ರಿಯೇ ಲಾರಿ ಹತ್ತಿ ಊರಿಗೆ ಹೋಗಿಬಿಟ್ಟಿದ್ದ. ನಮಗೆ ಇದು ಗೊತ್ತಾದದ್ದು ಒಂದು ವರ್ಷದ ಮೇಲೆ, ಅವನೇ ಬಂದು ಬಾಗಿಲಲ್ಲಿ ನಿಂತಾಗ. ಎಡಗಿವಿ ಕೇಳುತ್ತಿರಲಿಲ್ಲ. ಸೂರತ್ತಿಗೆ ಕೆಲಸಕ್ಕೆ ಹೋಗುತ್ತೇನೆಂದು ಹೇಳಿ ಹೋದವನು ಮತ್ತೆ ಕಾಣಲಿಲ್ಲ.

ಇನ್ನು ನಮ್ಮ ಹುಡುಗಿಯ ವಿದ್ಯೆಯ ಕಡೆಗೆ ಬರೋಣ. ಅವಳ ಹಾಸ್ಟೆಲಿನ ಬಳಿಯ ಚಹಾದ ಅಂಗಡಿಯಲ್ಲಿ ಕೂತು ಮೂರು ದಿನ ಪಾಠ ಹೇಳಿಸಿಕೊಂಡೆವು. ಇಡೀ ಜಗತ್ತಿನ ಇಂಥ ಘಟನೆಗಳ ದೊಡ್ಡ ಕೋಷ್ಟಕವೊಂದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿದೆ. ಹೆಸರು ಗ್ಲೋಬಲ್ ಟೆರರಿಸಂ ಡೇಟಾಬೇಸ್. 1970ರಿಂದ 2020ರವರೆಗಿನ ಎರಡು ಲಕ್ಷಕ್ಕೂ ಮಿಕ್ಕಿದ ಘಟನೆಗಳು ಅದರಲ್ಲಿವೆ. ಒಂದು ಘಟನೆಗೆ ಒಂದು ಸಾಲು. ದಿನಾಂಕ, ಊರು, ಆಯುಧ, ಗುರಿ, ಸತ್ತವರು, ಗಾಯಗೊಂಡವರು, ಮಾಡಿದವರು ಎಂದು ನೂರಕ್ಕೂ ಹೆಚ್ಚು ಕಲಮು. ಎಲ್ಲವೂ ಪತ್ರಿಕೆ, ವಾರ್ತಾಸಂಸ್ಥೆಗಳಲ್ಲಿ ಬಂದ ವರದಿಗಳಿಂದ ಹೆಕ್ಕಿದ್ದು.

ಇದರ ಹುಟ್ಟಿನ ಕಥೆ ಗುಮಾಸ್ತೆಗಳಿಗೆ ರುಚಿಸುವಂಥದು. ಮೊದಲು ಇದನ್ನು ಮಾಡಿದ್ದು ವಿದ್ವಾಂಸರಲ್ಲ, ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆ. ಹೊರದೇಶಗಳಲ್ಲಿ ವ್ಯಾಪಾರ ಮಾಡುವ ಗಿರಾಕಿಗಳಿಗೆ ಯಾವ ದೇಶ ಎಷ್ಟು ಅಪಾಯವೆಂದು ಹೇಳಲು, 1970ರಿಂದ 1997ರವರೆಗೆ ಅವರು ಕಾರ್ಡುಗಳ ಮೇಲೆ ಬರೆಸಿಟ್ಟರು. ಗ್ಯಾರಿ ಲಾಫ್ರೀ ಎಂಬ ಅಪರಾಧಶಾಸ್ತ್ರದ ಪ್ರಾಧ್ಯಾಪಕರು ಆ 60 ಸಾವಿರಕ್ಕೂ ಹೆಚ್ಚು ಕಾರ್ಡುಗಳ ಪೆಟ್ಟಿಗೆಗಳನ್ನು ಪಡೆದು, ವಿದ್ಯಾರ್ಥಿಗಳಿಂದ ಕಂಪ್ಯೂಟರಿಗೆ ಏರಿಸಿದರು. ಆದರೆ 1993ರ ಕಾರ್ಡುಗಳು ಮಾತ್ರ ಇಲ್ಲ! ಪಿಂಕರ್ಟನ್ನಿನವರು ಕಚೇರಿ ಬದಲಾಯಿಸುವಾಗ ಪೆಟ್ಟಿಗೆ ಕಳೆದುಹೋಯಿತಂತೆ. ಕಡತ ಕಳೆಯುವ ಕಲೆ ನಮ್ಮ ದೇಶದ ಸ್ವತ್ತೆಂದು ತಿಳಿದಿದ್ದ ನಮಗೆ ಇದರಿಂದ ಕೊಂಚ ಸಮಾಧಾನವಾಯಿತೆಂದರೆ ಓದುಗರು ಕ್ಷಮಿಸಬೇಕು.

ಆದರೆ ಮುಂಬಯಿಯ ಓದುಗರು ನಗಲಾರರು. 1993 ಯಾವ ವರ್ಷ? ಮಾರ್ಚ್ 12ರಂದು ಷೇರುಪೇಟೆಯಿಂದ ಹಿಡಿದು ಊರಿನ ಉದ್ದಕ್ಕೂ ಬಾಂಬುಗಳು ಸಿಡಿದು 257 ಜನ ಸತ್ತ ವರ್ಷ. ನಮ್ಮ ಸಂಘದ ಹಿರಿಯರಲ್ಲಿ ಅಂದು ಕೋಟೆಯ ಕಚೇರಿಗಳಿಂದ ಮನೆಗೆ ನಡೆದೇ ಬಂದವರು ಇನ್ನೂ ಇದ್ದಾರೆ. ಪತ್ರಿಕೆಗಳಿಂದ ಮತ್ತೆ ಹೆಕ್ಕಿ ಸಿಕ್ಕಷ್ಟನ್ನು ಬೇರೊಂದು ಕಡತದಲ್ಲಿ ಇಟ್ಟಿದ್ದಾರಾದರೂ ದೊಡ್ಡ ಕೋಷ್ಟಕದಲ್ಲಿ ಆ ವರ್ಷವೇ ಇಲ್ಲ. 1992 ಆದಮೇಲೆ 1994. ಅಂದರೆ, ನಮ್ಮ ಶಹರದ ಅತಿ ಕೆಟ್ಟ ಶುಕ್ರವಾರ ಒಂದು ಪೆಟ್ಟಿಗೆಯ ಜೊತೆಗೆ ಕಾಣೆಯಾಗಿದೆ.

ಎಣಿಸುವುದಕ್ಕೆ ಮೊದಲು ಏನನ್ನು ಎಣಿಸಬೇಕೆಂದು ತೀರ್ಮಾನವಾಗಬೇಕು. ಇಲ್ಲೇ ದೊಡ್ಡ ತಕರಾರು. ನೆದರ್ಲೆಂಡಿನ ಅಲೆಕ್ಸ್ ಷ್ಮಿಡ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ಹುಡುಕಿದಾಗ ಭಯೋತ್ಪಾದನೆಗೆ 109 ವ್ಯಾಖ್ಯೆಗಳು ಸಿಕ್ಕವು. ವಿಶ್ವಸಂಸ್ಥೆಯಲ್ಲಿ ಇದಕ್ಕೊಂದು ಸಮಗ್ರ ಒಪ್ಪಂದ ಬೇಕೆಂದು ಭಾರತ 1996ರಲ್ಲೇ ಕರಡು ಇಟ್ಟಿತು; ವ್ಯಾಖ್ಯೆಯ ಮೇಲೆ ಒಮ್ಮತವಿಲ್ಲದೆ ಅದು ಇನ್ನೂ ಕರಡಾಗಿಯೇ ಇದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯ 2021ರ ಆಗಸ್ಟಿನಲ್ಲಿ ಭಯೋತ್ಪಾದನೆಯ ನಿಗ್ರಹದ ಬಗ್ಗೆ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೊಂದು ಪಾಠ ಒಪ್ಪಿದಾಗಲೂ ಎದ್ದ ಗಲಾಟೆ ಇದೇ: ಯಾರನ್ನು ಆ ಹೆಸರಿನಿಂದ ಕರೆಯಬೇಕು, ಯಾರನ್ನು ಬಿಡಬೇಕು. ಮೇರಿಲ್ಯಾಂಡಿನವರು ಈ ಜಗಳಕ್ಕೆ ನಿಲ್ಲದೆ ಒಂದು ತಪಶೀಲು ಮಾಡಿಕೊಂಡಿದ್ದಾರೆ. ಕೃತ್ಯ ಬೇಕೆಂದೇ ಮಾಡಿದ್ದಾಗಿರಬೇಕು, ಹಿಂಸೆ ಅಥವಾ ಹಿಂಸೆಯ ಬೆದರಿಕೆ ಇರಬೇಕು, ಮಾಡಿದವರು ಸರ್ಕಾರದವರಾಗಿರಬಾರದು. ಇದಲ್ಲದೆ ರಾಜಕೀಯ, ಧಾರ್ಮಿಕ ಇತ್ಯಾದಿ ಉದ್ದೇಶ, ಸತ್ತವರಾಚೆಗಿನ ಜನರನ್ನು ಬೆದರಿಸುವ ಇರಾದೆ, ಯುದ್ಧದ ನಿಯಮಗಳಿಗೆ ಹೊರತಾಗಿರುವುದು, ಈ ಮೂರರಲ್ಲಿ ಎರಡಾದರೂ ಇರಬೇಕು. ತೃಪ್ತಿಯಾಗದವರು ತಮಗೆ ಬೇಕಾದ ಸಾಲುಗಳನ್ನು ಸೋಸಿ ತೆಗೆದುಕೊಳ್ಳಬಹುದು.

“ನೋಡಿ ಚಿಕ್ಕಪ್ಪ,” ಎಂದಳು ಹುಡುಗಿ, “ಕ್ಯಾಂಟ್ ಸ್ಟೇಷನ್ನು, ಸಂಕಟಮೋಚನ ಎರಡೂ ಒಂದೇ ದಿನ, ಒಂದೇ ಸಂಚು ಅಂತ ನೀವು ಅಂತೀರಿ. ಆದರೆ ಜಾಗ ಬೇರೆ, ಹೊತ್ತು ಬೇರೆ. ಅದಕ್ಕೆ ಇಲ್ಲಿ ಎರಡು ಸಾಲು.”

“ಸತ್ತವರು ಎಷ್ಟು ಅಂತ ಹಾಕಿದೀಯ?”

ಅವಳು ಹೇಳುವ ಮೊದಲು ತಡೆದಳು. ಒಂದು ವರದಿಯಲ್ಲಿ 20, ಇನ್ನೊಂದರಲ್ಲಿ 28. ಅಂದು ರಾತ್ರಿಯ ಸುದ್ದಿಗೂ, ಆಸ್ಪತ್ರೆಯಲ್ಲಿ ಆಮೇಲೆ ತೀರಿಕೊಂಡವರನ್ನು ಸೇರಿಸಿದ ಸುದ್ದಿಗೂ ವ್ಯತ್ಯಾಸ. ಒಂದೊಂದು ಜಾಗದ ಲೆಕ್ಕಕ್ಕೂ ಒಟ್ಟು ಲೆಕ್ಕಕ್ಕೂ ವ್ಯತ್ಯಾಸ. ಹೆಚ್ಚಿನ ಮೂಲಗಳು ಒಪ್ಪಿದ ಅಂಕಿಯನ್ನು ಹಿಡಿಯುವುದು ಕೋಷ್ಟಕದ ಕ್ರಮ. ನಾವು ಕೇಳಿದೆವು: “20ಕ್ಕೂ 28ಕ್ಕೂ ನಡುವೆ ಇರೋ ಆ ಎಂಟು ಜನ ಯಾರಮ್ಮ?” ಅವಳು ಉತ್ತರ ಹೇಳಲಿಲ್ಲ. ಪೆನ್ನಿನಿಂದ ಆ ಅಂಕಿಯ ಸುತ್ತ ಒಂದು ಗೆರೆ ಎಳೆದಳು.

ಇದು ಒಂದೇ ಸಾಲಿನ ಕಷ್ಟವಲ್ಲ. 2005ರ ಫೆಬ್ರವರಿಯಲ್ಲಿ ದಶಾಶ್ವಮೇಧ ಘಾಟಿನಲ್ಲಿ ಆದ ಸ್ಫೋಟವನ್ನು ಮೊದಲು ಅಡಿಗೆ ಅನಿಲದ ಸಿಲಿಂಡರಿನದೆಂದೇ ಬಗೆದಿದ್ದರು. ಬಾಂಬೆಂಬ ಮಾತು ಬಂದದ್ದು ಎಷ್ಟೋ ಕಾಲದ ಮೇಲೆ. 2007ರ ನವೆಂಬರ್ 23ರಂದು ವಾರಾಣಸಿ, ಫೈಜಾಬಾದ್, ಲಖನೌ ಮೂರೂ ಊರಿನ ನ್ಯಾಯಾಲಯಗಳ ಆವರಣದಲ್ಲಿ ಒಂದೇ ಮಧ್ಯಾಹ್ನ ಬಾಂಬು ಸಿಡಿದವು; ಇಲ್ಲಿನ ಕಚೇರಿಯಲ್ಲಿ ಸತ್ತವರಲ್ಲಿ ವಕೀಲರೂ ಇದ್ದರು. 2010ರ ಡಿಸೆಂಬರ್ 7ರಂದು, ಮತ್ತೆ ಮಂಗಳವಾರ, ಶೀತಲಾ ಘಾಟಿನಲ್ಲಿ ಗಂಗಾರತಿಯ ವೇಳೆಗೆ ಸಿಡಿದದ್ದು ಎರಡು ವರ್ಷದ ಹೆಣ್ಣುಮಗುವನ್ನು ಕೊಂದಿತು. ಕೋಷ್ಟಕದಲ್ಲಿ ಇವೆಲ್ಲ ಒಂದೇ ಅಗಲದ ಸಾಲುಗಳು.

‘ಮಾಡಿದವರು’ ಎಂಬ ಕಲಮಂತೂ ಇನ್ನೂ ಕಠಿಣ. ಕಂಟೋನ್ಮೆಂಟ್ ಮೊಕದ್ದಮೆಯನ್ನು ಗಾಜಿಯಾಬಾದಿಗೆ ವರ್ಗ ಮಾಡಿದ್ದರು. ತೀರ್ಪು ಬಂದದ್ದು ಹದಿನಾರು ವರ್ಷದ ಮೇಲೆ, 2022ರ ಜೂನಿನಲ್ಲಿ. ಒಬ್ಬನಿಗೆ ಎರಡು ಪ್ರಕರಣಗಳಲ್ಲಿ ಅಪರಾಧ ಸಾಬೀತಾಗಿ ಮರಣದಂಡನೆ ಆಯಿತು. ಮೂರನೆಯದರಲ್ಲಿ ಸಾಕ್ಷ್ಯ ಸಾಲದೆ ಅವನನ್ನೇ ಬಿಟ್ಟರು. ನಮ್ಮ ಮುಂಬಯಿಯ ಲೋಕಲ್ ರೈಲುಗಳ ವಿಚಾರ ನೋಡಿ. 2006ರ ಜುಲೈ 11ರಂದು ಏಳು ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು. 2015ರಲ್ಲಿ ಕೆಳಗಿನ ನ್ಯಾಯಾಲಯ 12 ಜನರಿಗೆ ಶಿಕ್ಷೆ ಕೊಟ್ಟಿತು. 2025ರ ಜುಲೈ 21ರಂದು ಉಚ್ಚ ನ್ಯಾಯಾಲಯ ಎಲ್ಲರನ್ನೂ ದೋಷಮುಕ್ತರೆಂದಿತು. ಮೂರೇ ದಿನಕ್ಕೆ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಬೇರೆ ಮೊಕದ್ದಮೆಗಳಿಗೆ ನಿದರ್ಶನವಾಗಿ ಬಳಸಬಾರದೆಂದು ತಡೆ ಕೊಟ್ಟಿತು, ಬಿಡುಗಡೆಯಾದವರನ್ನು ಮಾತ್ರ ಹಿಂದಕ್ಕೆ ಕರೆಸಲಿಲ್ಲ. ಮರುದಿನದ ಪತ್ರಿಕೆ ನೋಡಿ ಆ ಕಲಮು ತುಂಬಿದವನು ಈಗೇನು ಮಾಡಬೇಕು? ‘ತಿಳಿಯದು’ ಎಂದು ಬರೆಯುವ ಧೈರ್ಯ ಈ ವಿದ್ಯೆಗೆ ಮೊದಲು ಬೇಕಾದ ಧೈರ್ಯವೆಂದು ಹುಡುಗಿಯ ಗುರುಗಳು ಹೇಳುತ್ತಾರಂತೆ. ಆ ಗುರುಗಳ ಮೇಲೆ ನಮಗೆ ಗೌರವ ಬಂತು.

ಹಾಗಾದರೆ ಇಷ್ಟೆಲ್ಲ ಎಣಿಸಿ ಪ್ರಯೋಜನವೇನು? ನಮ್ಮ ಹಳೆಯ ಪಿ.ಸಿ.ಎಂ. ಬುದ್ಧಿಗೆ ತಿಳಿದಷ್ಟು ಹೇಳುತ್ತೇವೆ. ಒಂದೊಂದು ಘಟನೆ ಕುರುಡು ಸಿಡಿಲಿನಂತೆ ಕಂಡರೂ, ಸಾವಿರಾರು ಸೇರಿದಾಗ ಒಂದು ಆಕಾರ ಮೂಡುತ್ತದೆ. ಅರ್ಧದಷ್ಟು ಘಟನೆಗಳಲ್ಲಿ ಯಾರೂ ಸಾಯುವುದಿಲ್ಲ. ಬೆರಳೆಣಿಕೆಯವು ಮಾತ್ರ ನೂರಾರು ಜನರನ್ನು ಕೊಲ್ಲುತ್ತವೆ. ಆರನ್ ಕ್ಲಾಸೆಟ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ, ಈ ಏರುಪೇರು ಭೂಕಂಪಗಳದೇ ಮಾದರಿ: ಸಣ್ಣವು ಎಣಿಕೆಗೆ ಸಿಗದಷ್ಟು, ದೊಡ್ಡವು ವಿರಳ, ಆದರೆ ಅಸಾಧ್ಯವಲ್ಲ. ಹವಾಮಾನಶಾಸ್ತ್ರಜ್ಞ ಲೂಯಿ ರಿಚರ್ಡ್‌ಸನ್ ಬಹಳ ಹಿಂದೆಯೇ ಯುದ್ಧಗಳನ್ನು ಹೀಗೆ ಎಣಿಸಿದ್ದರು. ಬಡತನವೇ ಇದಕ್ಕೆಲ್ಲ ಬೇರು ಎಂದು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಒಬ್ಬ ಸಹೋದ್ಯೋಗಿಯೊಡನೆ 2003ರಲ್ಲಿ ಲೆಕ್ಕ ಹಾಕಿ, ಬಡತನಕ್ಕಾಗಲಿ ವಿದ್ಯೆಯ ಕೊರತೆಗಾಗಲಿ ಇದರೊಡನೆ ಅಷ್ಟು ನೇರವಾದ ನಂಟು ಕಾಣದೆಂದರು. ಅಂದರೆ, ಚಹಾದ ಅಂಗಡಿಯ ಹರಟೆಯಲ್ಲಿ ನಾವು ಗಟ್ಟಿಯಾಗಿ ಹೇಳುವ ಎಷ್ಟೋ ಮಾತುಗಳನ್ನು ಈ ಕೋಷ್ಟಕಗಳು ಒರೆಗೆ ಹಚ್ಚುತ್ತವೆ. ನೆರೆಯವನ ಮೇಲೆ ಸಂಶಯ ಹುಟ್ಟಿಸುವ ಮಾತುಗಳೂ ಅವುಗಳಲ್ಲಿ ಸೇರಿವೆ. ಒರೆಗಲ್ಲು ಇರುವುದು ಒಳ್ಳೆಯದಲ್ಲವೆ?

ವಿದ್ಯೆಯ ದಾರಿಯಲ್ಲಿ ನಡೆದವರನ್ನೂ ಇದು ಬಿಟ್ಟಿಲ್ಲ. 2005ರ ಡಿಸೆಂಬರ್ 28ರಂದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಗಣಿತದ ಒಂದು ಶಾಖೆಯಾದ ಆಪರೇಷನ್ಸ್ ರಿಸರ್ಚ್ ಕುರಿತ ಸಮ್ಮೇಳನ ಮುಗಿಸಿ ಸಭಾಂಗಣದಿಂದ ಹೊರಬರುತ್ತಿದ್ದವರ ಮೇಲೆ ಗುಂಡು ಹಾರಿತು. ದೆಹಲಿ ಐ.ಐ.ಟಿ.ಯ ನಿವೃತ್ತ ಪ್ರಾಧ್ಯಾಪಕ ಎಂ. ಸಿ. ಪುರಿ ಅವರು ತೀರಿಕೊಂಡರು. ಜೀವಮಾನವೆಲ್ಲ ಲೆಕ್ಕ ಕಲಿಸಿದವರು ಈಗ ಅದೇ ಕೋಷ್ಟಕದಲ್ಲಿ ‘1’. ಇದನ್ನು ಹುಡುಗಿ ಹೇಳಿದಾಗ ಅಣ್ಣನ ಭಯ ನಮಗೂ ಅರ್ಥವಾಯಿತು. ಆದರೆ ಅವಳ ಹಟವೂ ಅಷ್ಟೇ ಅರ್ಥವಾಯಿತು.

ನಾಲ್ಕನೆಯ ದಿನ ಅವಳನ್ನು ಕರೆದುಕೊಂಡು ಕ್ಯಾಂಟಿಗೆ ಹೋದೆವು. ಪ್ಲಾಟ್‌ಫಾರಂ ಟಿಕೆಟು ಕೊಂಡು ಒಳಗೆ ಹೋದರೆ ಎಂದಿನಂತೆ ಜನ, ಚಹಾ, ತಡವಾದ ರೈಲಿನ ಘೋಷಣೆ. ಕೆಂಪಂಗಿಯ ಹಿರಿಯ ಕೂಲಿಯೊಬ್ಬರು ನಮ್ಮ ಮುಖ ಗುರುತು ಹಿಡಿದರು. ಆ ದಿನದ ವಿಚಾರ ಕೇಳಿದಾಗ ಅವರು ಅಂಕಿಯನ್ನು ಹೇಳಲಿಲ್ಲ. ಬೆರಳು ಮಡಚುತ್ತ ಒಬ್ಬೊಬ್ಬರ ಗುರುತನ್ನು ಹೇಳಿದರು. ಮಗುವಿಗೆ ಹಾಲು ಹುಡುಕುತ್ತಿದ್ದವಳು, ಟ್ರಂಕಿನ ಮೇಲೆ ಕೂತಿದ್ದ ಮುದುಕ, ಬಿಹಾರದ ಇಬ್ಬರು ಅಣ್ಣತಮ್ಮಂದಿರು. ನಮ್ಮ ಚಹಾದ ಹುಡುಗನನ್ನೂ ಅವರು ಮರೆತಿರಲಿಲ್ಲ. ಹುಡುಗಿ ಎಲ್ಲವನ್ನೂ ಬರೆದುಕೊಂಡಳು.

“ಇವನ್ನೆಲ್ಲ ಎಲ್ಲಿ ಸೇರಿಸ್ತೀಯಮ್ಮ?” ಎಂದೆವು.

“ಕೋಷ್ಟಕಕ್ಕೆ ಹಾಕೋ ಹಾಗಿಲ್ಲ ಚಿಕ್ಕಪ್ಪ. ಬರೆದ ಆಧಾರ ಬೇಕು. ಆದ್ರೆ ಕೋಷ್ಟಕ ಯಾರನ್ನ ಬಿಡುತ್ತೆ ಅಂತ ಒಂದು ಅಧ್ಯಾಯ ಬರೀತೀನಿ. ಅದರಲ್ಲಿ ಹೆಸರಿಲ್ಲದೆ ಇವರೆಲ್ಲ ಬರ್ತಾರೆ.”

ಬುದ್ಧಿ ಹೇಳಲು ಹೋದ ನಾವು ಹೇಳಿದ್ದು ಇಷ್ಟೇ: ವಿಭಾಗದ ಮುಖ್ಯಸ್ಥರ ಪತ್ರವನ್ನು ಸದಾ ಚೀಲದಲ್ಲಿಟ್ಟುಕೊ, ಕೇಳಿದವರಿಗೆ ಮರೆಮಾಚದೆ ಹೇಳು, ರಾತ್ರಿ ಹೊತ್ತು ಈ ವರದಿಗಳನ್ನು ಓದಬೇಡ. ಮೂರನೆಯದನ್ನು ಅವಳು ಪಾಲಿಸುತ್ತಾಳೆಂಬ ನಂಬಿಕೆ ನಮಗಿಲ್ಲ. ದಿನಕ್ಕೆ ಮೂವತ್ತು ನಲವತ್ತು ಸಾಲು ಓದಿದ ಮೇಲೆ ಕೆಲವೊಮ್ಮೆ ಊಟ ಸೇರುವುದಿಲ್ಲವೆಂದು ಅವಳೇ ಹೇಳಿದ್ದಳು. ಊಟ ಸೇರದಿರುವುದೇ ಸರಿಯೆಂದು ನಮಗೆ ತೋರಿತು. ಸೇರುವ ದಿನ ಬಂದರೆ ಅವಳು ಈ ಕೆಲಸ ಬಿಡುವುದು ಮೇಲು.

ಅಣ್ಣನಿಗೆ ಫೋನು ಮಾಡಿ, ಜನನ ಮರಣದ ರಿಜಿಸ್ಟರು ಬರೆಯುವವನನ್ನು ಯಾರೂ ಸಾವು ತರುವವನೆನ್ನುವುದಿಲ್ಲ, ನಿನ್ನ ಮಗಳ ಕೆಲಸವೂ ಅಂಥದೇ ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಚಹಾದ ಹುಡುಗನ್ನ ನೀನು ಯಾವತ್ತೂ ಹೇಳಿರ್ಲಿಲ್ಲವಲ್ಲೋ” ಎಂದ. ಒಪ್ಪಿದನೋ ಇಲ್ಲವೋ ತಿಳಿಯದು. ಹುಡುಗಿಯ ಫೀಜು ಮಾತ್ರ ಹೊತ್ತಿಗೆ ಸರಿಯಾಗಿ ಹೋಯಿತು.

ಇಷ್ಟು ಬರೆದದ್ದು ನಮ್ಮ ಮನೆಯ ಸುದ್ದಿ ಹೇಳಲೆಂದಲ್ಲ. ಸಂಘದ ಬಾಂಧವರಲ್ಲಿ ಒಂದು ಅರಿಕೆಯಿದೆ. 1993ರ ಆ ಶುಕ್ರವಾರವನ್ನಾಗಲಿ, 2006ರ ರೈಲಿನ ಸಂಜೆಯನ್ನಾಗಲಿ, 2008ರ ನವೆಂಬರಿನ ಆ ರಾತ್ರಿಗಳನ್ನಾಗಲಿ ಕಣ್ಣಾರೆ ಕಂಡವರು ನಮ್ಮಲ್ಲಿ ಹಲವರಿದ್ದಾರೆ. ಹೋಟೆಲಿನಲ್ಲಿ ದುಡಿಯುತ್ತಿದ್ದವರು, ಬ್ಯಾಂಕಿನವರು, ಮಿಲ್ಲಿನವರು, ನಮ್ಮಂತೆ ಸರ್ಕಾರದ ಕುರ್ಚಿಯವರು. ದಿನಾಂಕ, ಹೊತ್ತು, ಜಾಗ ಹಾಕಿ, ಕಂಡಷ್ಟನ್ನೇ, ಕೇಳಿದ್ದನ್ನು ಬೆರಸದೆ, ಒಂದು ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆದು ಸಂಘದ ವಾಚನಾಲಯಕ್ಕೆ ಕೊಡಿ. ಗ್ರಂಥಪಾಲಕರು ಒಂದು ಕಡತ ತೆರೆಯಲು ಒಪ್ಪಿದ್ದಾರೆ. ಕಚೇರಿ ಬದಲಾಯಿಸುವಾಗ ಆ ಪೆಟ್ಟಿಗೆಯನ್ನು ಕಳೆಯದಂತೆ ನೋಡಿಕೊಳ್ಳುವ ಹೊಣೆ ನಮ್ಮದು.